ತಂಪು ಹಸಿರು ಚಹಾ: ಹಣ್ಣಿನ ಜೊತೆಗೆ, ಊಟದಿಂದ ದೂರಕ್ಕೆ

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಮನೆಗಳಲ್ಲಿ ಪಾನಕ, ಮಜ್ಜಿಗೆ, ನಿಂಬೆ ಶರಬತ್ತುಗಳ ಸರದಿ ಆರಂಭವಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಹಣ್ಣಿನ ಹೋಳುಗಳನ್ನು ಹಾಕಿ ತಂಪು ಮಾಡಿದ ಹಸಿರು ಚಹಾ ಕೂಡ ಸೇರಿಕೊಂಡಿದೆ. ಇದನ್ನು ತೆರೆಯ ಮೇಲೆ ಮಾಡಿ ತೋರಿಸಲು ಐದು ನಿಮಿಷ ಸಾಕು. ಆದರೆ ನೀರು ಇಷ್ಟೇ ಬಿಸಿ ಇರಬೇಕೇಕೆ, ಹಣ್ಣನ್ನು ಯಾವಾಗ ಹಾಕಬೇಕು, ಯಾರು ಯಾವ ಹೊತ್ತಿನಲ್ಲಿ ಇದನ್ನು ಕುಡಿಯಬಾರದು ಎಂಬ ಪ್ರಶ್ನೆಗಳಿಗೆ ಆ ಐದು ನಿಮಿಷ ಸಾಲದು. ಕಾರಣಗಳನ್ನು ನಿಧಾನವಾಗಿ ವಿವರಿಸಲು ಈ ಪುಟಗಳೇ ಸೂಕ್ತ.

ಎಲೆ ಒಂದೇ, ಸಂಸ್ಕರಣೆ ಬೇರೆ

ಹಸಿರು ಚಹಾ ಎಂದರೆ ಬೇರೊಂದು ಗಿಡದ ಎಲೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಾವು ಹಾಲು ಬೆರೆಸಿ ಕುಡಿಯುವ ಚಹಾ ಮತ್ತು ಹಸಿರು ಚಹಾ ಎರಡೂ ‘ಕಮೆಲಿಯಾ ಸೈನೆನ್ಸಿಸ್’ ಎಂಬ ಒಂದೇ ಸಸ್ಯದ ಚಿಗುರಿನಿಂದ ಬರುತ್ತವೆ. ಕೊಯ್ದ ಎಲೆಯನ್ನು ಬಾಡಿಸಿ, ಹೊಸೆದು ಗಾಳಿಗೆ ಬಿಟ್ಟರೆ ಅದರೊಳಗಿನ ಕಿಣ್ವಗಳು ಕೆಲಸಕ್ಕೆ ತೊಡಗಿ ಎಲೆಯ ಬಣ್ಣ, ರುಚಿ ಎರಡನ್ನೂ ಬದಲಿಸುತ್ತವೆ. ಹೆಚ್ಚಿಟ್ಟ ಬದನೆಕಾಯಿ, ಸೇಬು ಕಂದಾಗುವುದೂ ಇದೇ ಬಗೆಯ ಕ್ರಿಯೆ. ಹಸಿರು ಚಹಾ ತಯಾರಿಸುವವರು ಈ ಕ್ರಿಯೆಗೆ ಅವಕಾಶವನ್ನೇ ಕೊಡುವುದಿಲ್ಲ. ಜಪಾನಿನಲ್ಲಿ ಹಬೆಯಿಂದ, ಚೀನಾದಲ್ಲಿ ಹೆಚ್ಚಾಗಿ ಬಿಸಿ ಬಾಣಲೆಯಲ್ಲಿ ಬಾಡಿಸಿ ಕಿಣ್ವಗಳನ್ನು ಆರಂಭದಲ್ಲೇ ನಿಷ್ಕ್ರಿಯಗೊಳಿಸುತ್ತಾರೆ. ಎಲೆಯ ಹಸಿರು ಉಳಿಯುತ್ತದೆ. ಅದರ ಜೊತೆಗೆ ‘ಕ್ಯಾಟೆಚಿನ್’ ಎಂಬ ಪದಾರ್ಥಗಳೂ ಬಹುಪಾಲು ಹಾಗೆಯೇ ಉಳಿಯುತ್ತವೆ. ಹಸಿರು ಚಹಾದಿಂದ ಕ್ಯಾಟೆಚಿನ್ನನ್ನು 1929ರಲ್ಲಿ ಬೇರ್ಪಡಿಸಿ ತೋರಿಸಿದವರು ಜಪಾನಿನ ವಿಜ್ಞಾನಿ ಮಿಚಿಯೊ ತ್ಸುಜಿಮುರಾ. 1932ರಲ್ಲಿ ಅವರು ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆಯಾದರು.

ತಂಪು ಚಹಾದ ಹುಟ್ಟಿನ ಬಗ್ಗೆ ಒಂದು ಜನಪ್ರಿಯ ಕಥೆಯಿದೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ನಡೆದ ವಿಶ್ವಮೇಳದಲ್ಲಿ ಭಾರತದ ಚಹಾವನ್ನು ಪ್ರಚಾರ ಮಾಡುತ್ತಿದ್ದ ರಿಚರ್ಡ್ ಬ್ಲೆಚಿಂಡನ್, ಸೆಕೆಯಲ್ಲಿ ಬಿಸಿ ಚಹಾ ಯಾರಿಗೂ ಬೇಡವಾದಾಗ ಅದಕ್ಕೆ ಮಂಜುಗಡ್ಡೆ ಹಾಕಿ ಕೊಟ್ಟರು ಎಂಬುದು ಆ ಕಥೆ. ಮೇಳದಿಂದ ತಂಪು ಚಹಾಕ್ಕೆ ಹೆಸರು ಬಂದಿರಬಹುದು. ಆದರೆ ಅದು ಹುಟ್ಟಿದ್ದು ಅಲ್ಲಲ್ಲ. 1879ರಲ್ಲಿ ಮೇರಿಯನ್ ಕ್ಯಾಬೆಲ್ ಟೈರಿ ಸಂಪಾದಿಸಿದ ವರ್ಜೀನಿಯಾದ ಅಡುಗೆ ಪುಸ್ತಕದಲ್ಲೇ ತಂಪು ಚಹಾ ಮಾಡುವ ಕ್ರಮವಿದೆ. ಅಲ್ಲಿ ಬಳಸಿರುವುದೂ ಹಸಿರು ಚಹಾವನ್ನೇ ಎಂಬುದು ಗಮನಾರ್ಹ.

ನೀರಿನ ಬಿಸಿ ಎಷ್ಟಿರಬೇಕು?

ಹಸಿರು ಚಹಾ ಬಲು ಕಹಿ ಎಂದು ದೂರುವವರಲ್ಲಿ ಹೆಚ್ಚಿನವರು ಅದನ್ನು ಮಾಮೂಲಿ ಚಹಾದಂತೆ ಒಲೆಯ ಮೇಲಿಟ್ಟು ಕುದಿಸಿರುತ್ತಾರೆ. ಈ ಎಲೆಯಲ್ಲಿ ರುಚಿ ಕೊಡುವ ಪದಾರ್ಥಗಳು ಮುಖ್ಯವಾಗಿ ಮೂರು. ಕ್ಯಾಟೆಚಿನ್ ಒಗರು ಕೊಡುತ್ತದೆ, ಕೆಫೀನ್ ಕಹಿ ಕೊಡುತ್ತದೆ, ಥಿಯನೀನ್ ಎಂಬ ಅಮೈನೋ ಆಮ್ಲ ಮೆಲುವಾದ ಸವಿ ಕೊಡುತ್ತದೆ. ಥಿಯನೀನ್ ತಣ್ಣೀರಿನಲ್ಲೂ ಸುಲಭವಾಗಿ ಕರಗುತ್ತದೆ. ನೀರು ಬಿಸಿಯಾದಷ್ಟೂ, ಎಲೆ ಹೆಚ್ಚು ಹೊತ್ತು ನೆನೆದಷ್ಟೂ ಕೆಫೀನ್ ಮತ್ತು ಹೆಚ್ಚು ಒಗರಾದ ಕ್ಯಾಟೆಚಿನ್‌ಗಳು ಜಾಸ್ತಿ ಇಳಿಯುತ್ತವೆ. ಆದುದರಿಂದ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು, ಎರಡರಿಂದ ಮೂರು ನಿಮಿಷದ ನೆನೆಸುವಿಕೆ ಸಾಕು.

ಮನೆಯಲ್ಲಿ ಉಷ್ಣತಾಮಾಪಕ ಇಲ್ಲದಿದ್ದರೆ ಚಿಂತೆ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಇಂಥ ಮೂರು ಲೋಟ ಕುದಿನೀರಿಗೆ 25 ಡಿಗ್ರಿಯ ಒಂದು ಲೋಟ ನೀರು ಬೆರೆಸಿದರೆ ಮಿಶ್ರಣದ ಬಿಸಿ 79 ಡಿಗ್ರಿಯಾಗುತ್ತದೆ. ಮಂಗಳೂರು, ಕಾರವಾರದ ಕಡೆ ಕುದಿಯುವ ನೀರು 100 ಡಿಗ್ರಿ, ತಣ್ಣೀರು 30 ಡಿಗ್ರಿ ಎಂದಿಟ್ಟುಕೊಂಡರೂ ಲೆಕ್ಕ 82.5ಕ್ಕೆ ನಿಲ್ಲುತ್ತದೆ. ಮೂರಕ್ಕೆ ಒಂದು ಎಂಬ ಅಳತೆ ನೆನಪಿಟ್ಟುಕೊಂಡರೆ ಸಾಕು. ಬೆರೆಸುವ ನೀರು ಮೊದಲೇ ಕುದಿಸಿ ಆರಿಸಿದ್ದಾಗಿರಲಿ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಚಹಾದ ಬಣ್ಣ ಮಂಕಾಗಿ ಮೇಲೆ ತೆಳುವಾದ ಕೆನೆಯಂಥ ಪದರ ಕಟ್ಟುವುದುಂಟು; ಮೆದು ನೀರು ಸಿಗುವುದಾದರೆ ಅದನ್ನೇ ಬಳಸಿ.

ಮಾಡುವ ಕ್ರಮ

ನಾಲ್ಕು ದೊಡ್ಡ ಲೋಟಗಳಿಗೆ ಬೇಕಾಗುವ ಸಾಮಗ್ರಿ ಇಷ್ಟು: ಹಸಿರು ಚಹಾ ಎಲೆ 8 ಗ್ರಾಂ (ಸುಮಾರು ನಾಲ್ಕು ಟೀ ಚಮಚ), ನೀರು 500 ಮಿಲಿಲೀಟರ್, ಮಂಜುಗಡ್ಡೆ 400 ಗ್ರಾಂ, ಹೆಚ್ಚಿದ ಹಣ್ಣು 150 ಗ್ರಾಂ, ಅರ್ಧ ನಿಂಬೆಹಣ್ಣು. ಮಂಜುಗಡ್ಡೆಯನ್ನು ತೂಗಬೇಕಿಲ್ಲ, ಕುದಿಸಿ ಆರಿಸಿದ 400 ಮಿಲಿಲೀಟರ್ ನೀರನ್ನು ಹಿಂದಿನ ದಿನವೇ ಟ್ರೇಗಳಿಗೆ ಹಾಕಿಟ್ಟರಾಯಿತು.

ಮೇಲೆ ಹೇಳಿದ ಬಿಸಿಯ ನೀರಿಗೆ ಎಲೆ ಹಾಕಿ ಮುಚ್ಚಿಡಿ. ಮೂರು ನಿಮಿಷವಾದ ಕೂಡಲೇ ಸೋಸಿ. ಸೋಸಿದ ಚಹಾವನ್ನು ಮಂಜುಗಡ್ಡೆ ತುಂಬಿದ ಸ್ಟೀಲ್ ಪಾತ್ರೆಗೆ ಒಮ್ಮೆಲೇ ಸುರಿದು ಕಲಕಿ. ಗಾಜಿನ ಜಾಡಿ ಬೇಡ, ಹಠಾತ್ ಬಿಸಿಗೆ ಸೀಳಬಹುದು.

ಇಲ್ಲಿ ಮಂಜುಗಡ್ಡೆಯದು ಎರಡು ಕೆಲಸ. ಸೋಸುವ ವೇಳೆಗೆ ಚಹಾ 70 ಡಿಗ್ರಿಗೆ ಇಳಿದಿರುತ್ತದೆ ಎನ್ನೋಣ. 500 ಗ್ರಾಂ ಚಹಾ ಸೊನ್ನೆ ಡಿಗ್ರಿಗೆ ಇಳಿಯಲು 35,000 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಬೇಕು, ಅಂದರೆ 400 ಗ್ರಾಂಗೆ 32,000. ಉಳಿಯುವ 3,000 ಕ್ಯಾಲೊರಿ ಒಟ್ಟು 900 ಗ್ರಾಂ ಪಾನೀಯಕ್ಕೆ ಹಂಚಿಹೋದಾಗ ಬಿಸಿ ಮೂರು ಡಿಗ್ರಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಪಾತ್ರೆಯ ಶಾಖ ಸೇರಿ ಒಂದೆರಡು ಡಿಗ್ರಿ ಹೆಚ್ಚಾಗಬಹುದು, ಅಷ್ಟೆ. ಗಟ್ಟಿಯಾಗಿ ಇಳಿಸಿದ ಚಹಾ ಒಂದೆರಡು ನಿಮಿಷದಲ್ಲಿ ಹದವಾಗಿ ತೆಳುವಾಗುತ್ತದೆ, ತಂಪೂ ಆಗುತ್ತದೆ.

ಹಣ್ಣು ಹಾಕುವುದು ಈಗ, ಚಹಾ ತಣಿದ ಮೇಲೆ. ಬಿಸಿಗೆ ಹಾಕಿದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ, ‘ಸಿ’ ಜೀವಸತ್ವವೂ ಕುಗ್ಗುತ್ತದೆ. ಹಣ್ಣು ಹಾಕಿ ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ಕುಡಿಯುವ ಮುನ್ನ ನಿಂಬೆ ಹಿಂಡಿ. ಚಹಾದ ಬಣ್ಣ ಥಟ್ಟನೆ ತಿಳಿಯಾಗುವುದನ್ನು ಮಕ್ಕಳಿಗೆ ತೋರಿಸಿ, ಅದು ಆಮ್ಲದ ಪ್ರಭಾವ.

ಬಿಸಿ ಮಾಡದೆಯೂ ಈ ಪಾನೀಯ ತಯಾರಿಸಬಹುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎಂಟು ಗ್ರಾಂ ಎಲೆ ಹಾಕಿ ಫ್ರಿಜ್‌ನೊಳಗೆ ಆರು ಗಂಟೆ ಇಟ್ಟು ಸೋಸಿದರೆ ಕಹಿ, ಒಗರು ಎರಡೂ ಕಡಿಮೆ ಇರುವ ಚಹಾ ಸಿಗುತ್ತದೆ. ಆದರೆ ಜಾಡಿಯನ್ನು ಬಿಸಿಲಿನಲ್ಲಿಟ್ಟು ಚಹಾ ಇಳಿಸುವ ಪದ್ಧತಿ ಬೇಡ. ಅಂಥ ಉಗುರುಬೆಚ್ಚಗಿನ ನೀರಿನಲ್ಲಿ ಎಲೆಗಿಂತ ಮೊದಲು ರೋಗಾಣುಗಳಿಗೆ ಅನುಕೂಲವಾಗುತ್ತದೆ. ಫ್ರಿಜ್ ಇಲ್ಲದ ಮನೆಯವರು ಸೋಸಿದ ಚಹಾದ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಹಣ್ಣು ಹಾಕಿ ಒಂದು ಗಂಟೆಯೊಳಗೆ ಕುಡಿದು ಮುಗಿಸುವುದು ಒಳ್ಳೆಯದು. ಫ್ರಿಜ್‌ನಲ್ಲಿಟ್ಟದ್ದನ್ನೂ ಮರುದಿನಕ್ಕಿಂತ ಮುಂದಕ್ಕೆ ಉಳಿಸಬೇಡಿ.

ಯಾವ ಹಣ್ಣು?

ಕೊಡಗಿನ ಕಿತ್ತಳೆಯ ತೊಳೆಯ ಜೊತೆಗೆ ಜಜ್ಜಿದ ಶುಂಠಿ, ಅನಾನಸ್ ಹೋಳಿನ ಜೊತೆಗೆ ಎರಡು ಕಾಳು ಮೆಣಸಿನ ಪುಡಿ, ಸೀಬೆಹಣ್ಣಿನ ಜೊತೆಗೆ ಪುದೀನ ಚೆನ್ನಾಗಿ ಹೊಂದುತ್ತವೆ. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸೀಳಿ ಹಾಕಿದರೆ ಬಣ್ಣವೂ ಬರುತ್ತದೆ. ಕರಾವಳಿ, ಮಲೆನಾಡಿನವರಿಗೆ ಪುನರ್ಪುಳಿ ಇದ್ದೇ ಇದೆ. ನಾಲ್ಕು ಒಣ ಸಿಪ್ಪೆ ಸಾಕು. ಬೆಟ್ಟದ ನೆಲ್ಲಿಕಾಯಿ ಹಾಕುವವರು ಅಳತೆ ಕಡಿಮೆ ಮಾಡಿ, ಅದೂ ಒಗರೇ. ಬಾಳೆ, ಸಪೋಟದಂಥ ಮೆದು ಹಣ್ಣುಗಳು ಕರಗಿ ಪಾನೀಯವನ್ನು ಕದಡುತ್ತವೆ. ನಿಂಬೆ, ಕಿತ್ತಳೆಯ ಬೀಜ ಮತ್ತು ಬಿಳಿ ತಿರುಳನ್ನು ತೆಗೆದುಹಾಕಿ; ಹೆಚ್ಚು ಹೊತ್ತು ನೆನೆದರೆ ಅವು ಕಹಿ ಬಿಡುತ್ತವೆ.

ಹಣ್ಣು ನೆನೆಸಿದ ನೀರಿಗೆ ಪರಿಮಳ, ಬಣ್ಣ ಮತ್ತು ಸ್ವಲ್ಪ ಸತ್ವ ಮಾತ್ರ ಇಳಿಯುತ್ತದೆ. ನಾರು ಹೋಳಿನಲ್ಲೇ ಉಳಿಯುತ್ತದೆ. ಆದುದರಿಂದ ಕುಡಿದಾದ ಮೇಲೆ ತಳದ ಹಣ್ಣನ್ನು ಚೆಲ್ಲದೆ ತಿನ್ನಿ. ಸಿಹಿ ಬೇಕೇಬೇಕೆನ್ನುವವರು ಲೋಟಕ್ಕೆ ಒಂದು ಟೀ ಚಮಚ ಬೆಲ್ಲವೋ ಜೇನೋ ಹಾಕಿಕೊಳ್ಳಬಹುದು. ಆದರೆ ಇವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಸಾರ. ಅಂಗಡಿಯ ಬಾಟಲಿ ಚಹಾ ಕೊಳ್ಳುವಾಗ ಹಿಂಬದಿಯ ಚೀಟಿಯಲ್ಲಿ 100 ಮಿಲಿಲೀಟರ್‌ಗೆ ಎಷ್ಟು ಗ್ರಾಂ ಸಕ್ಕರೆ ಇದೆ ಎಂದು ನೋಡಿ, ಇಡೀ ಬಾಟಲಿಗೆ ಗುಣಿಸಿಕೊಳ್ಳಿ. ಮನೆಯಲ್ಲೇ ಮಾಡುವುದರ ಲಾಭ ಆಗ ತಾನಾಗಿ ತಿಳಿಯುತ್ತದೆ.

ಚೊಗರು ಮತ್ತು ರಕ್ತಹೀನತೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಚಾಕು ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಅಡಕೆ ಬೇಯಿಸುವ ಮನೆಗಳಲ್ಲಿ ಚೊಗರು ಎಂದರೇನೆಂದು ವಿವರಿಸಬೇಕಿಲ್ಲ. ಇಂಥ ಒಗರು ಪದಾರ್ಥಗಳು ಕಬ್ಬಿಣವನ್ನು ಕಂಡರೆ ಹಿಡಿದುಕೊಳ್ಳುತ್ತವೆ. ಚಹಾದ ಒಗರಿನ ಸ್ವಭಾವವೂ ಅದೇ. ಊಟದ ಜೊತೆಗೆ ಚಹಾ ಕುಡಿದಾಗ, ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಅದು ಕರುಳಿನಲ್ಲೇ ಹಿಡಿದಿಡುತ್ತದೆ. ದೇಹ ಹೀರಿಕೊಳ್ಳಬೇಕಾದದ್ದರಲ್ಲಿ ಒಂದು ಪಾಲು ವ್ಯರ್ಥವಾಗಿ ಹೊರಹೋಗುತ್ತದೆ.

ಇದು ಸಣ್ಣ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ಹಾಲಿನ ಚಹಾ ಬಿಟ್ಟು ಆರೋಗ್ಯಕ್ಕೆಂದು ಹಸಿರು ಚಹಾ ಹಿಡಿಯುವವರಲ್ಲೂ, ಊಟವಾದ ಕೂಡಲೇ ಅದನ್ನು ಕುಡಿದರೆ ಹೊಟ್ಟೆ ಕರಗುತ್ತದೆಂದು ನಂಬುವವರಲ್ಲೂ ಇವರೇ ಬಹಳ. ಗರ್ಭಿಣಿಯರು ನುಂಗುವ ಕಬ್ಬಿಣಾಂಶದ ಮಾತ್ರೆಗೂ, ಹದಿಹರೆಯದ ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಮಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ. ಮಾತ್ರೆಯನ್ನು ನೀರಿನಲ್ಲಿ ನುಂಗಬೇಕು, ಚಹಾದಲ್ಲಿ ಖಂಡಿತ ಅಲ್ಲ.

ಪರಿಹಾರ ಸುಲಭ. ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಬೆಳಿಗ್ಗೆ ಹನ್ನೊಂದು ಗಂಟೆ, ಸಂಜೆ ನಾಲ್ಕು ಗಂಟೆ ಈ ಪಾನೀಯಕ್ಕೆ ತಕ್ಕ ಹೊತ್ತು. ‘ಸಿ’ ಜೀವಸತ್ವ ಕಬ್ಬಿಣಾಂಶದ ಹೀರಿಕೆಗೆ ನೆರವಾಗುತ್ತದೆ, ನಿಜ. ಆದರೆ ಚಹಾಕ್ಕೆ ನಿಂಬೆ ಹಿಂಡಿದ ಮಾತ್ರಕ್ಕೆ ಒಗರಿನ ಪ್ರಭಾವ ಪೂರ್ತಿ ಅಳಿಯುವುದಿಲ್ಲ. ಒಂದು ಹೋಳು ನಿಂಬೆಯನ್ನು ಕೋಸಂಬರಿಗೆ, ಸೊಪ್ಪಿನ ಪಲ್ಯಕ್ಕೆ ಹಿಂಡಿಕೊಳ್ಳಿ. ನಿಂಬೆ ಊಟದ ಒಳಗೆ, ಚಹಾ ಊಟದ ಹೊರಗೆ ಎಂದು ಗಂಟು ಹಾಕಿಕೊಂಡರೆ ಎರಡರ ಗುಣವೂ ನಿಮಗೆ ದಕ್ಕುತ್ತದೆ.

ನಿರೀಕ್ಷೆ ಎಷ್ಟಿರಲಿ?

ನಿಂಬೆಯಿಂದ ಇನ್ನೊಂದು ಉಪಯೋಗವಿದೆ. ಕ್ಯಾಟೆಚಿನ್ ಕರುಳಿನ ವಾತಾವರಣದಲ್ಲಿ ಬೇಗ ಕೆಡುವ ಪದಾರ್ಥ. ಹಣ್ಣಿನ ಹುಳಿ ಬೆರೆಸಿದರೆ ಅದು ಹೆಚ್ಚು ಉಳಿಯುತ್ತದೆ ಎಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಯೋಗಶಾಲೆಯ ಕೃತಕ ಜೀರ್ಣಕ್ರಿಯೆಯಲ್ಲಿ ತೋರಿಸಿದರು. ಮನುಷ್ಯರ ಹೊಟ್ಟೆಯಲ್ಲಿ ಮಾಡಿದ ಪ್ರಯೋಗ ಅದಲ್ಲ ಎಂಬುದೂ ನೆನಪಿರಲಿ. ತೂಕ ಇಳಿಸುವ ಮಾತಿಗೆ ಬಂದರೆ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2012ರ ಕಾಕ್ರೇನ್ ಸಮೀಕ್ಷೆ, ಹಸಿರು ಚಹಾದಿಂದ ಆಗುವ ಇಳಿಕೆ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ ಎಂಬ ತೀರ್ಮಾನಕ್ಕೆ ಬಂತು. ಹಸಿರು ಚಹಾದ ಸಾರವನ್ನು ಗುಳಿಗೆ ಮಾಡಿ ಮಾರುವವರ ವಿಷಯದಲ್ಲಂತೂ ಎಚ್ಚರ ಬೇಕು. ಗುಳಿಗೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಎಂಬ ಕ್ಯಾಟೆಚಿನ್ ಸೇವಿಸಿದವರಲ್ಲಿ ಯಕೃತ್ತಿಗೆ ತೊಂದರೆಯಾಗುವ ಸೂಚನೆಗಳನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿತು. ಎಲೆ ನೆನೆಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತ ಎಂದೂ ಅದೇ ವರದಿ ಹೇಳಿದೆ.

ಕೆಫೀನ್ ಇರುವುದರಿಂದ ನಿದ್ರೆಯ ತೊಂದರೆ ಇರುವವರು ಸಂಜೆಯ ಮೇಲೆ ಕುಡಿಯುವುದು ಬೇಡ. ಚಿಕ್ಕ ಮಕ್ಕಳಿಗೆ ಪಾನಕ, ಮಜ್ಜಿಗೆಯೇ ಸರಿ. ಗರ್ಭಿಣಿಯರು, ರಕ್ತದೊತ್ತಡ ಅಥವಾ ಹೃದಯದ ಕಾಯಿಲೆಗೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಳಿದವರಿಗೆ ದಿನಕ್ಕೆ ಒಂದೆರಡು ಲೋಟ, ಸಕ್ಕರೆ ತುಂಬಿದ ಬಾಟಲಿ ಪಾನೀಯದ ಬದಲಿಗೆ ಕುಡಿದರೆ, ನಿಜವಾಗಿಯೂ ಲಾಭವೇ. ಆ ಲಾಭದ ಹೆಚ್ಚಿನ ಭಾಗ ಬಿಟ್ಟ ಸಕ್ಕರೆಯಿಂದ, ತಿಂದ ಹಣ್ಣಿನಿಂದ ಬರುತ್ತದೆ. ಎಲೆ ಅದಕ್ಕೊಂದು ರುಚಿಕರವಾದ ನೆಪ ಒದಗಿಸುತ್ತದೆ.