ನಿಲ್ಲುವ ರೈಲಿನ ಶಕ್ತಿ ಎಲ್ಲಿಗೆ ಹೋಗುತ್ತದೆ?

ಇಳಿಜಾರಿನಲ್ಲಿ ಬೈಸಿಕಲ್ಲಿನ ಬ್ರೇಕನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಅನಂತರ ಇಳಿದು ಬ್ರೇಕಿನ ರಬ್ಬರನ್ನು ಮುಟ್ಟಿ ನೋಡಿದರೆ ಅದು ಬೆಚ್ಚಗಾಗಿರುವುದು ತಿಳಿಯುತ್ತದೆ. ಬೈಸಿಕಲ್ಲಿನ ಚಲನಶಕ್ತಿ ನಾಶವಾಗಲಿಲ್ಲ. ಘರ್ಷಣೆಯಿಂದ ಉಷ್ಣವಾಗಿ ಮಾರ್ಪಟ್ಟಿತು. ಈ ಉಷ್ಣ ಅತ್ಯಲ್ಪವಾದುದರಿಂದ ಗಾಳಿಯಲ್ಲಿ ಬೆರೆತು ಹೋಗುವುದು. ಆದರೆ ನೂರಾರು ಟನ್ನು ತೂಕದ ರೈಲೊಂದು ನೆಲದಡಿಯ ಸುರಂಗದಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು ನಿಂತು ಹೊರಡುತ್ತಿದ್ದರೆ ಏನಾದೀತು? ಟೋಕಿಯೋ ನಗರದ ಎಂಜಿನಿಯರುಗಳು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಚಿಯೋದಾ ಸುರಂಗಮಾರ್ಗದ 6000 ಶ್ರೇಣಿಯ ರೈಲು.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. 300 ಟನ್ನಿನ ರೈಲು ಗಂಟೆಗೆ 72 ಕಿಲೋಮೀಟರು, ಎಂದರೆ ಸೆಕೆಂಡಿಗೆ 20 ಮೀಟರು ವೇಗದಲ್ಲಿ ಓಡುತ್ತಿದೆ ಎನ್ನಿ. ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದರೆ ಅದರ ಚಲನಶಕ್ತಿ 6 ಕೋಟಿ ಜೂಲುಗಳೆಂದು ದೊರೆಯುತ್ತದೆ. 25 ಡಿಗ್ರಿಯಲ್ಲಿರುವ ಸುಮಾರು 190 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಒಂದು ರೈಲು ಒಂದು ಸಲ ನಿಂತರೆ ಇಷ್ಟು. ದಿನವಿಡೀ ಕೆಲವೇ ನಿಮಿಷಗಳಿಗೊಂದರಂತೆ ಬರುವ ರೈಲುಗಳೆಲ್ಲ ಪ್ರತಿಯೊಂದು ನಿಲ್ದಾಣದಲ್ಲಿಯೂ ನಿಂತರೆ ಸುರಂಗಕ್ಕೆ ಸೇರುವ ಉಷ್ಣವನ್ನು ವಾಚಕರೇ ಊಹಿಸಬಹುದು.

ನಿಲ್ಲುವಾಗ ಮಾತ್ರವಲ್ಲ, ಹೊರಡುವಾಗಲೂ ಉಷ್ಣ ಹುಟ್ಟುತ್ತಿತ್ತು. ತಿರುಗುತ್ತಿರುವ ವಿದ್ಯುತ್ ಮೋಟಾರು ತಾನೂ ಒಂದು ಡೈನಮೊ ಆಗಿದ್ದು, ತನಗೆ ಒದಗುವ ಪ್ರವಾಹಕ್ಕೆ ವಿರುದ್ಧವಾದ ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸುತ್ತದೆ. ನಿಂತ ಮೋಟಾರಿನಲ್ಲಿ ಈ ವಿರೋಧವಿಲ್ಲ. ಆಗ ತಂತಿಯ 1500 ವೋಲ್ಟನ್ನು ನೇರವಾಗಿ ಹಾಯಿಸಿದರೆ ಪ್ರವಾಹ ಮಿತಿಮೀರಿ ಸುರುಳಿಗಳು ಸುಟ್ಟುಹೋಗುವುವು. ಆದುದರಿಂದ ಹಳೆಯ ರೈಲುಗಳಲ್ಲಿ ಮೋಟಾರಿನೊಡನೆ ರೋಧಕಗಳನ್ನು ಸೇರಿಸಿ, ವೇಗ ಏರಿದಂತೆ ಅವುಗಳನ್ನು ಒಂದೊಂದಾಗಿ ಕಳಚುತ್ತಿದ್ದರು. ಹೊರಡುವ ಹೊತ್ತಿನಲ್ಲಿ ಎಳೆದುಕೊಂಡ ವಿದ್ಯುತ್ತಿನಲ್ಲಿ ದೊಡ್ಡದೊಂದು ಪಾಲು ಈ ರೋಧಕಗಳನ್ನು ಕಾಯಿಸುವುದರಲ್ಲಿಯೇ ವ್ಯಯವಾಗುತ್ತಿತ್ತು.

ಈ ಅಪವ್ಯಯವನ್ನು ತಪ್ಪಿಸುವ ಸಾಧನವು 1957ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಥೈರಿಸ್ಟರ್ ಎಂಬ ಅರೆವಾಹಕದಿಂದ ದೊರೆಯಿತು. ಇದು ಚಲಿಸುವ ಭಾಗಗಳಿಲ್ಲದ ಒಂದು ಸ್ವಿಚ್ಚು. ಇದರಿಂದ ಪ್ರವಾಹವನ್ನು ಸೆಕೆಂಡಿಗೆ ನೂರಾರು ಬಾರಿ ಕಡಿದು ಕಡಿದು ಬಿಡಬಹುದು. ಕಡಿಯುವುದರಿಂದಲೇ ಇದಕ್ಕೆ ಚಾಪರ್ ಎಂದು ಹೆಸರಾಯಿತು. ಮೂರರಲ್ಲಿ ಒಂದು ಪಾಲು ಕಾಲ ಮಾತ್ರ ತೆರೆದಿಟ್ಟರೆ 1500 ವೋಲ್ಟು ಮೋಟಾರಿಗೆ ಸರಾಸರಿ 500 ವೋಲ್ಟಿನಂತೆ ಒದಗುವುದು. ಕುಂಬಾರನು ತಿಗರಿಯನ್ನು ಬಿಟ್ಟು ಬಿಟ್ಟು ನೂಕಿದರೂ ಅದು ಒಂದೇ ಸಮನೆ ಸುತ್ತುವಂತೆ, ಸುರುಳಿಗಳ ಸ್ವಪ್ರೇರಣೆಯ ಗುಣದಿಂದ ಪ್ರವಾಹವೂ ಹೆಚ್ಚು ಏರುಪೇರಿಲ್ಲದೆ ಹರಿಯುತ್ತದೆ. ರೋಧಕದ ಅಗತ್ಯವೇ ಇಲ್ಲ.

ರೈಲು ನಿಲ್ಲಬೇಕಾದಾಗ ಇದೇ ಸಾಧನ ಇನ್ನೊಂದು ಕೆಲಸ ಮಾಡುತ್ತದೆ. ಮೋಟಾರನ್ನು ಡೈನಮೊ ಆಗಿ ತಿರುಗಲು ಬಿಟ್ಟರೆ ರೈಲಿನ ಚಲನಶಕ್ತಿ ವಿದ್ಯುತ್ತಾಗುತ್ತದೆ, ರೈಲಿನ ವೇಗ ತಗ್ಗುತ್ತದೆ. ಆದರೆ ವೇಗ ಇಳಿದಂತೆ ಅದರ ವೋಲ್ಟೇಜು 1500ಕ್ಕಿಂತ ಕಡಿಮೆಯಾಗುವುದು. ತಗ್ಗಿನ ನೀರು ಏರಿಗೆ ಹರಿಯದಂತೆ ಅದು ತಂತಿಗೆ ಹರಿಯಲಾರದು. ಚಾಪರ್ ಮೊದಲು ಡೈನಮೊವಿನ ಪ್ರವಾಹವನ್ನು ಸುರುಳಿಯ ಮೂಲಕ ಸುತ್ತಿಸಿ, ಥಟ್ಟನೆ ಆ ದಾರಿಯನ್ನು ಮುಚ್ಚುತ್ತದೆ. ಪ್ರವಾಹ ಒಮ್ಮೆಲೇ ನಿಲ್ಲುವುದನ್ನು ಸುರುಳಿ ಸಹಿಸದು. ಅದರಲ್ಲಿ ಹುಟ್ಟುವ ಅಧಿಕ ವೋಲ್ಟೇಜು ಪ್ರವಾಹವನ್ನು ತಂತಿಗೆ ನೂಕುತ್ತದೆ. ಆ ವಿದ್ಯುತ್ತಿನಿಂದ ಸಮೀಪದಲ್ಲಿ ಹೊರಡುತ್ತಿರುವ ಮತ್ತೊಂದು ರೈಲು ಓಡುತ್ತದೆ. ಹಾಗೆ ಬಳಸಿಕೊಳ್ಳುವ ರೈಲು ಹತ್ತಿರದಲ್ಲಿ ಇಲ್ಲದಿದ್ದರೆ ತಂತಿಯ ವೋಲ್ಟೇಜು ಏರಿ ಈ ಕ್ರಿಯೆ ನಿಂತುಹೋಗುವುದು. ಆಗ ಗಾಳಿಯ ಒತ್ತಡದ ಬ್ರೇಕೇ ಗತಿ. ರೈಲುಗಳು ದಟ್ಟವಾಗಿ ಓಡಾಡುವ ಸುರಂಗಮಾರ್ಗಕ್ಕೆ ಈ ವಿಧಾನವು ವಿಶೇಷವಾಗಿ ಒಪ್ಪುವುದು ಇದರಿಂದಲೇ.

ಹೇಳುವುದು ಸುಲಭ, ಪ್ರಯಾಣಿಕರು ತುಂಬಿದ ರೈಲಿನಲ್ಲಿ ಆಗಮಾಡುವುದು ಸುಲಭವಲ್ಲ. ಒಮ್ಮೆ ತೆರೆದುಕೊಂಡ ಥೈರಿಸ್ಟರ್, ಪ್ರವಾಹ ಶೂನ್ಯಕ್ಕಿಳಿಯುವ ತನಕ ಮುಚ್ಚುವುದಿಲ್ಲ. ನೇರ ಪ್ರವಾಹದಲ್ಲಿ ಅದು ತಾನಾಗಿ ಶೂನ್ಯಕ್ಕಿಳಿಯದು. ಧಾರಕವೊಂದರ ಸಹಾಯದಿಂದ ಪ್ರತಿ ಬಾರಿಯೂ ಬಲವಂತವಾಗಿ ಇಳಿಸಬೇಕು. ಒಂದು ಸಲ ತಪ್ಪಿದರೂ ಪೂರ್ಣ ವೋಲ್ಟೇಜು ಮೋಟಾರಿನ ಮೇಲೆ ಬೀಳುವುದು. ಕಡಿದ ಪ್ರವಾಹದ ಕಂಪನಗಳು ಹಳಿಗಳ ಮೂಲಕ ಹರಿಯುವ ಸಿಗ್ನಲ್ ಪ್ರವಾಹವನ್ನು ಕೆಡಿಸುವ ಸಂಭವವೂ ಉಂಟು. ಆದುದರಿಂದ ಆಗ ಟೋಕಿಯೋದ ಸುರಂಗ ರೈಲುಗಳನ್ನು ನಡೆಸುತ್ತಿದ್ದ ತೇಯ್ತೋ ಶೀಘ್ರ ಸಾರಿಗೆ ಸಂಸ್ಥೆಯು ಆತುರಪಡಲಿಲ್ಲ. 1968ರಲ್ಲಿ ಮೂರು ಬೋಗಿಗಳ ಒಂದು ಪ್ರಯೋಗದ ರೈಲನ್ನೂ, ಮರುವರ್ಷ ಆರು ಬೋಗಿಗಳ ಇನ್ನೊಂದನ್ನೂ ಕಟ್ಟಿಸಿ ಪರೀಕ್ಷಿಸಿತು. ತೂಕ ತಗ್ಗಿದಷ್ಟೂ ಬೇಕಾಗುವ ಶಕ್ತಿ ತಗ್ಗುವುದರಿಂದ ಬೋಗಿಗಳ ಒಡಲನ್ನು ಅಲ್ಯೂಮಿನಿಯಮ್ ಮಿಶ್ರಲೋಹದಿಂದ ಮಾಡಿದರು.

1971ರ ಮಾರ್ಚ್ 20ರಂದು ಚಿಯೋದಾ ಮಾರ್ಗವು ಕಾಸುಮಿಗಾಸೆಕಿಯ ವರೆಗೆ ವಿಸ್ತರಿಸಿದಾಗ 6000 ಶ್ರೇಣಿ ಸೇವೆಗೆ ಇಳಿಯಿತು. ಮುಂದಿನ ತಿಂಗಳೇ ಅದು ಸುರಂಗದಿಂದ ಹೊರಬಂದು ಜೋಬಾನ್ ರೈಲುಮಾರ್ಗದ ಮೇಲೂ ಸಂಚರಿಸತೊಡಗಿತು. 1972ರಲ್ಲಿ ಜಪಾನಿನ ರೈಲು ಅಭಿಮಾನಿಗಳ ಸಂಘದ ಲಾರೆಲ್ ಪ್ರಶಸ್ತಿ ಇದಕ್ಕೆ ಸಂದಿತು. 1990ರ ವರೆಗೆ ಒಟ್ಟು 353 ಬೋಗಿಗಳು ತಯಾರಾದುವು.

ಇದರ ಫಲವನ್ನು ಪ್ರಯಾಣಿಕರು ಕಂಡದ್ದು ನಿಧಾನವಾಗಿ. ತಂಪುಯಂತ್ರವು ಬೋಗಿಯ ಒಳಗಿನ ಉಷ್ಣವನ್ನು ಹೊರಕ್ಕೆ, ಎಂದರೆ ಸುರಂಗಕ್ಕೆ, ಚೆಲ್ಲುತ್ತದಷ್ಟೆ. ಸುರಂಗ ಇನ್ನೂ ಕಾದೀತೆಂದು ಸಂಸ್ಥೆಯು ಬಹುಕಾಲ ರೈಲುಗಳಿಗೆ ಅದನ್ನು ಅಳವಡಿಸಿರಲಿಲ್ಲ. ಶಕ್ತಿಯನ್ನು ಹಿಂದಿರುಗಿಸುವ ರೈಲುಗಳು ಹೆಚ್ಚಿದಂತೆ ಸುರಂಗಕ್ಕೆ ಬೀಳುವ ಉಷ್ಣ ತಗ್ಗಿತು. 1988ರಿಂದ ಬೋಗಿಗಳು ತಂಪಾಗತೊಡಗಿದುವು.

ಅಷ್ಟರಲ್ಲಿ ಅರೆವಾಹಕಗಳೂ ಬೆಳೆದಿದ್ದುವು. ನೇರ ಪ್ರವಾಹವನ್ನು ಬೇಕಾದ ಆವರ್ತಸಂಖ್ಯೆಯ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಇನ್ವರ್ಟರುಗಳು ಬಂದುವು. 1990ರ ದಶಕದಿಂದ ಈ ಶ್ರೇಣಿಯ ಹಲವು ರೈಲುಗಳಲ್ಲಿ ಚಾಪರನ್ನು ತೆಗೆದು ಇನ್ವರ್ಟರನ್ನು ಇಟ್ಟರು. ಒಡಲು ಹಳೆಯದೇ ಉಳಿದು, ಯಂತ್ರ ಹೊಸದಾಯಿತು. 2010ರಲ್ಲಿ 16000 ಶ್ರೇಣಿಯ ರೈಲುಗಳು ಬಂದು ಇವುಗಳ ಸ್ಥಾನವನ್ನು ಕ್ರಮವಾಗಿ ಆಕ್ರಮಿಸಿದುವು. ಪ್ರಯೋಗಕ್ಕೆಂದು ಹುಟ್ಟಿದ ಆ ಮೊದಲ ಮೂರು ಬೋಗಿಗಳು ಕಿತಾ-ಅಯಾಸೆ ಶಾಖೆಯಲ್ಲಿ 2014ರ ವರೆಗೂ ದುಡಿದುವು. 2018ರ ನವೆಂಬರ್ 11ರಂದು 6000 ಶ್ರೇಣಿಯು ಟೋಕಿಯೋದಲ್ಲಿ ಕೊನೆಯ ಬಾರಿ ಪ್ರಯಾಣಿಕರನ್ನು ಒಯ್ದಿತು. ಅಲ್ಲಿಂದ ನಿವೃತ್ತವಾದ ಅನೇಕ ಬೋಗಿಗಳು ಇಂಡೊನೇಷ್ಯದ ಜಕಾರ್ತಾ ನಗರಕ್ಕೆ ಸಾಗಿ ಮತ್ತೆ ಸೇವೆಗೆ ತೊಡಗಿದ್ದುವು. ಅಲ್ಲಿಯೂ ಹಳಿಗಳ ಅಂತರ 1067 ಮಿಲಿಮೀಟರು, ತಂತಿಯ ವೋಲ್ಟೇಜು 1500 ಆಗಿದ್ದುದು ಇದಕ್ಕೆ ಅನುಕೂಲವಾಯಿತು.

ಚಾಪರಿನ ಕಾಲ ಮುಗಿದಿದೆ. ಅದು ನೆಲೆಗೊಳಿಸಿದ ಪದ್ಧತಿ ಮುಗಿದಿಲ್ಲ. 2011ರಲ್ಲಿ ಸಂಚಾರ ಆರಂಭಿಸಿದ ಬೆಂಗಳೂರಿನ ಮೆಟ್ರೋ ರೈಲುಗಳೂ ನಿಲ್ಲುವಾಗ ವಿದ್ಯುತ್ತನ್ನು ಹಿಂದಿರುಗಿಸುತ್ತವೆ. ರೈಲಿನ ವೇಗ ಎರಡರಷ್ಟಾದರೆ ಹೀಗೆ ಉಳಿಸಬಹುದಾದ ಶಕ್ತಿ ಎಷ್ಟರಷ್ಟಾಗುವುದೆಂಬುದನ್ನು, ಮೇಲಿನ ಲೆಕ್ಕವನ್ನೇ ಮುಂದಿಟ್ಟುಕೊಂಡು, ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.