ತಲೆ ಎರೆಯುವ ಕೈಗಳು

ಬೆಳಗಿನ ಹೊತ್ತು ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ನಿಂತವರಿಗೆ ಕೃಷ್ಣೆ ಎರಡು ರೂಪದಲ್ಲಿ ಕಾಣುತ್ತಾಳೆ. ಮೇಲ್ಬದಿಗೆ ಅಲುಗದೆ ತುಂಬಿ ನಿಂತ ನೀರು; ಕೆಳಬದಿಗೆ ಗೇಟು ದಾಟಿ ಸದ್ದು ಮಾಡುತ್ತ ಇಳಿಯುವ ನೀರು. ದಂಡೆಯುದ್ದಕ್ಕೂ ಕಬ್ಬು. ಸರಕಾರದ ದಾರಿ ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ವಂತಿಗೆ, ತಮ್ಮದೇ ಶ್ರಮ ಹಾಕಿ 1989ರಲ್ಲಿ ಕಟ್ಟಿ ನಿಲ್ಲಿಸಿದ ಈ ಬ್ಯಾರೇಜಿಗೆ ‘ಶ್ರಮಬಿಂದು ಸಾಗರ’ ಎಂದು ಹೆಸರು. ಹೊಳೆಯ ನೀರು ಇಲ್ಲಿ ನಿಂತ ಮೇಲೆ ಸುತ್ತಲಿನ ಹೊಲಮನೆಗಳ ನಸೀಬು ತಿರುಗಿತು. ಕೈಯ ದುಡಿಮೆಗೆ ಇಷ್ಟು ದೊಡ್ಡ ಸಾಕ್ಷಿಯನ್ನು ಊರ ಮುಂದೆಯೇ ಇಟ್ಟುಕೊಂಡ ಜನ ಇವರು.

ಈ ಊರಿನಿಂದ ಜಮಖಂಡಿಗೆ ಹೊರಡುವ ಟಂಟಂನಲ್ಲಿ ಕಾಲೇಜಿನ ಹುಡುಗರು, ಕಾಯಿಪಲ್ಲೆಯ ಬುಟ್ಟಿಗಳು, ದವಾಖಾನೆಗೆ ಹೊರಟ ಮುದುಕಿಯರು. ಅವರ ನಡುವೆ ಮಡಿಲಲ್ಲಿ ಬುತ್ತಿ ಡಬ್ಬಿ ಇಟ್ಟುಕೊಂಡು ಕೂತ ಹುಡುಗಿಯೊಬ್ಬಳು ಹೋಗುವುದು ಜಮಖಂಡಿಯ ಪಾರ್ಲರಿಗೆ, ಅಲ್ಲಿ ತಲೆ ತೊಳೆಯುವುದನ್ನು ಕಲಿಯಲಿಕ್ಕೆ. ‘ತಲಿ ಎರಿಯೂದು ಕಲೀಲಿಕ್ಕ ಜಮಖಂಡಿತನಕಾ ಹೋಗಬೇಕೇನವಾ?’ ಎಂದು ಓಣಿಯ ಹಿರಿಯರು ಕೇಳುವುದುಂಟು. ಹುಟ್ಟಿದಂದಿನಿಂದ ತಾಯಿ, ಅಜ್ಜಿ, ಅತ್ತೆಯರ ಕೈಯಲ್ಲಿ ಎರೆಸಿಕೊಂಡು ಬೆಳೆದ ನಾಡಿನಲ್ಲಿ ಈ ಪ್ರಶ್ನೆ ಏಳುವುದು ಸಹಜವೇ.

ಆ ಹಳೆಯ ಎರೆಯುವಿಕೆಯೂ ಒಂದು ಪಕ್ಕಾ ವಿದ್ಯೆಯೇ ಆಗಿತ್ತು. ಪಂಚಮಿ ಬಂತು, ದೀಪಾವಳಿ ಬಂತು ಎಂದರೆ ಹಿಂದಿನ ದಿನವೇ ಬಚ್ಚಲ ಒಲೆಯ ಹಂಡೆ ತಿಕ್ಕಿ ತುಂಬುತ್ತಿದ್ದರು. ಅಂಟವಾಳದ ಕಾಯಿಯ ಬೀಜ ಒಡೆದು ತೆಗೆದು ರಾತ್ರಿಯೇ ನೆನೆಹಾಕುತ್ತಿದ್ದರು. ಸೀಗೆಕಾಯಿ ಕುಟ್ಟಿ ಸೋಸಿಡುತ್ತಿದ್ದರು. ಎಣ್ಣೆ ಹಚ್ಚಿ ನೆತ್ತಿ ತಟ್ಟಿ, ಮಣೆಯ ಮೇಲೆ ಕೂರಿಸಿ, ‘ಕಣ್ಣ ಮುಚ್ಚ್ಕೋ’ ಎಂದು ಮೊದಲ ತಂಬಿಗೆ ಸುರಿಯುತ್ತಿದ್ದರು. ಅಂಟವಾಳ, ಸೀಗೆಗಳಲ್ಲಿರುವ ಸಪೋನಿನ್ ಎಂಬ ಅಂಶ ನೀರಿನಲ್ಲಿ ನೊರೆಯೆಬ್ಬಿಸಿ ಎಣ್ಣೆ ಜಿಡ್ಡನ್ನು ಬಿಡಿಸುತ್ತದೆ. ಕೊನೆಗೆ ಹಚ್ಚುವ ದಾಸವಾಳದ ಎಲೆಯ ಲೋಳೆ, ಅರೆದ ಮೆಂತ್ಯದ ಲೋಳೆ ಕೂದಲೆಳೆಗೆ ಪೊರೆಗಟ್ಟಿ ಸಿಕ್ಕು ಬಿಡಿಸಲು ಒದಗುತ್ತದೆ. ಇವತ್ತು ಕಂಡಿಷನರ್ ಬಾಟಲಿ ಮಾಡುವ ಕೆಲಸವನ್ನು ಅಂದು ಹಿತ್ತಲ ಗಿಡ ಮಾಡುತ್ತಿತ್ತು.

ಆಮೇಲೆ ಪಾಕೀಟು ಬಂತು. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಆರಂಭಿಸಿದ ಚಿಕ್ ಶಾಂಪೂವಿನಂಥ ಚಿಲ್ಲರೆ ಕಾಸಿನ ಪಾಕೀಟುಗಳು ಹಳ್ಳಿಯ ಗೂಡಂಗಡಿಗಳಲ್ಲಿ ಮಾಲೆಯಾಗಿ ತೂಗಾಡಿದವು. ಬಾಟಲಿ ಕೊಳ್ಳಲಾರದ ಮನೆಗೂ ಶಾಂಪೂ ಮುಟ್ಟಿತು. ಕಾಯಿ ಕುಟ್ಟುವ ಕಷ್ಟ ತಪ್ಪಿತು. ಜೊತೆಗೆ, ಒಬ್ಬರ ತಲೆಗೆ ಇನ್ನೊಬ್ಬರು ಕೈಹಾಕುವ ರೂಢಿಯೂ ಕಡಿಮೆಯಾಯಿತು. ಮನೆಯಲ್ಲಿ ತಪ್ಪಿಹೋದ ಆ ಕೈ ಈಗ ಪಾರ್ಲರಿನ ಪರದೆಯ ಹಿಂದೆ ಸಿಗುತ್ತದೆ.

ಪರದೆ ಸರಿಸಿದರೆ ಕಾಣುವುದು ಒಂದು ಕರಿಯ ಬೇಸಿನ್. ಅದರ ಅಂಚಿನಲ್ಲಿ ಕುತ್ತಿಗೆ ಇಡಲು ಅರ್ಧಚಂದ್ರಾಕಾರದ ತಗ್ಗು. ಗೀಜರಿನ ಕೆಂಪು ದೀಪ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಟಾವೆಲುಗಳು, ಅಗಲ ಹಲ್ಲಿನ ಬಾಚಣಿಗೆ. ಬನಹಟ್ಟಿಯಿಂದ ಮದುವೆಗೆಂದು ಬಂದ ಹೆಣ್ಣುಮಗಳೊಬ್ಬಳು ಕುರ್ಚಿಯಲ್ಲಿ ಒರಗಿದ್ದಾಳೆ. ಕಲಿಯುವ ಹುಡುಗಿ ನಲ್ಲಿಗೆ ಕೈಹಾಕಿದ್ದೇ ತಡ, ಪಾರ್ಲರಿನ ಅಕ್ಕ ತಡೆಯುತ್ತಾರೆ: ‘ನೀರು ಆಮ್ಯಾಲೆ. ಮೊದಲ ಒಣಾ ಕೂದಲಾ ಬಾಚು. ನೆತ್ತಿ ಮ್ಯಾಲ ಗಾಯ ಐತೇನು, ಹುಣ್ಣು ಐತೇನು ನೋಡು.’

ಒಣಗಿದ ಕೂದಲಿನ ಸಿಕ್ಕನ್ನು ಮೊದಲೇ ಬಿಡಿಸಬೇಕು. ಒದ್ದೆಯಾದ ಕೂದಲು ಎಳೆದಷ್ಟೂ ಹಿಗ್ಗುತ್ತದೆ, ಬೇಗ ಹರಿಯುತ್ತದೆ. ಬಾಚುವುದೂ ತುದಿಯಿಂದ ಮೇಲಕ್ಕೆ. ನೆತ್ತಿಯಿಂದ ಕೆಳಗೆ ಎಳೆದರೆ ಸಿಕ್ಕು ಗಂಟಾಗುತ್ತದೆ. ಇದಾದ ಮೇಲೆ ಕುತ್ತಿಗೆಯ ಸರದಿ. ಮಡಿಸಿದ ಟಾವೆಲನ್ನು ಬೇಸಿನ್ನಿನ ತಗ್ಗಿನಲ್ಲಿಟ್ಟು ಕುತ್ತಿಗೆಗೆ ಆಸರೆ ಕೊಡಬೇಕು, ತಲೆ ತೀರಾ ಹಿಂದಕ್ಕೆ ಬಾಗಬಾರದು. ಇದನ್ನು ಬರೀ ಉಪಚಾರ ಎಂದುಕೊಂಡವರು 1993ರ ಒಂದು ವರದಿಯನ್ನು ನೆನೆಯಬೇಕು. ಪಾರ್ಲರಿನ ಬೇಸಿನ್ನಿನಲ್ಲಿ ಕುತ್ತಿಗೆ ಅತಿಯಾಗಿ ಹಿಂದೆ ಬಾಗಿ, ಮೆದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾಗಿ ತೊಂದರೆಗೊಳಗಾದ ಐವರು ಮಹಿಳೆಯರ ಬಗ್ಗೆ ಅಮೆರಿಕದ ನರರೋಗ ತಜ್ಞ ಮೈಕಲ್ ವೈಂಟ್ರಾಬ್ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇಂಥದ್ದು ಅಪರೂಪ. ಆದರೆ ಅದನ್ನು ತಪ್ಪಿಸುವುದು ಒಂದು ಮಡಿಕೆ ಟಾವೆಲು ಮತ್ತು ‘ಕುತ್ತಿಗಿ ನೋಯತದೇನ್ರಿ?’ ಎಂಬ ಒಂದು ಪ್ರಶ್ನೆ.

ಈಗ ನೀರು. ಹುಡುಗಿ ತನ್ನ ಮಣಿಕಟ್ಟಿನ ಒಳಬದಿಗೆ ಮೊದಲು ಹಿಡಿದು ನೋಡುತ್ತಾಳೆ. ಮೈಯ ಬಿಸಿಯಷ್ಟಿದ್ದರೆ ಸಾಕು. ಬಲಗೈಯಲ್ಲಿ ನೀರಿನ ಕೊಳವೆ. ಎಡಗೈ ಹಣೆಯ ಅಂಚಿಗೆ ಅಡ್ಡ ನಿಂತು ಮುಖಕ್ಕೆ ಹನಿ ಸಿಡಿಯದಂತೆ ಕಾಯುತ್ತದೆ. ಕಿವಿಯ ಬಳಿ ಬಂದಾಗ ಅದೇ ಅಂಗೈ ಕಿವಿಯನ್ನು ಮುಚ್ಚುತ್ತದೆ. ಒಂದು ಬೆರಳು ಸದಾ ನೀರಿನ ಧಾರೆಯಲ್ಲೇ ಇರುತ್ತದೆ. ಗೀಜರಿನ ನೀರು ಒಮ್ಮೆಲೇ ಕಾದರೆ ಗಿರಾಕಿಯ ನೆತ್ತಿಗೆ ಮುಂಚೆ ಆ ಬೆರಳಿಗೇ ತಿಳಿಯಬೇಕು.

ಶಾಂಪೂವನ್ನು ನೇರ ನೆತ್ತಿಗೆ ಸುರಿಯುವುದಿಲ್ಲ. ಅಂಗೈಯಲ್ಲಿ ನೀರು ಬೆರೆಸಿ ತಿಕ್ಕಿ ನೊರೆ ಮಾಡಿಕೊಂಡು ಹಚ್ಚಬೇಕು. ‘ಉಗುರು ಹತ್ತಸಬ್ಯಾಡ. ಬೊಟ್ಟಿನ ಮೆತ್ತನ ತುದಿ ಅಷ್ಟ ಸಾಕು,’ ಎನ್ನುತ್ತಾರೆ ಅಕ್ಕ. ಹಣೆಯ ಅಂಚಿನಿಂದ ನಡುನೆತ್ತಿಗೆ, ಕಿವಿಯ ಹಿಂಬದಿಯಿಂದ ಮೇಲಕ್ಕೆ, ಆಮೇಲೆ ಒಂದು ಕೈಯಲ್ಲಿ ತಲೆಯನ್ನು ಎತ್ತಿ ಹಿಡಿದು ಹೆಡಕಿಗೆ. ಹೊಸಬರು ಮರೆಯುವ ಜಾಗ ಈ ಹೆಡಕೇ. ಬೆವರು, ಎಣ್ಣೆ, ಕಬ್ಬಿನ ಹೊಲದ ಧೂಳು ಎಲ್ಲ ಬಂದು ಕೂರುವುದು ಅಲ್ಲಿ. ಶಾಂಪೂ ಇರುವುದು ನೆತ್ತಿಯ ಚರ್ಮಕ್ಕೆ. ಉದ್ದ ಕೂದಲಿಗೆ ಹರಿದುಹೋಗುವ ನೊರೆಯೇ ಸಾಕು. ತೊಳೆಯುವುದು ನೊರೆ ಹೋಗುವತನಕ ಅಲ್ಲ, ಬೆರಳಿಗೆ ಜಾರು ಹೋಗುವತನಕ.

ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೊಳೆ ನೀರಿಗೂ ಬೋರಿನ ನೀರಿಗೂ ಅಂತರ ಎಷ್ಟೆಂಬುದು ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. ವರ್ಷಗಟ್ಟಲೆ ಕಬ್ಬಿಗೆ ನೀರುಣಿಸಿ ಸವಳು ಹಿಡಿದ ಹೊಲಗಳನ್ನು ಅವರು ಕಂಡವರು. ಸುಣ್ಣದಂಶ ತುಂಬಿದ ಗಡಸು ನೀರಿನಲ್ಲಿ ನೊರೆ ಏಳುವುದು ತಡ, ತೊಳೆದ ಕೂದಲು ಬಿರುಸು. ಹುಡುಗಿ ನೊರೆ ನೋಡಿಯೇ ಟಾಕಿಗೆ ಇವತ್ತು ಯಾವ ನೀರು ಬಿದ್ದಿದೆ ಎಂದು ಹೇಳಬಲ್ಲಳು.

ಕಂಡಿಷನರಿನ ದಾರಿ ಪೂರಾ ಉಲ್ಟಾ: ನೆತ್ತಿಗೆ ಹಚ್ಚುವಂತಿಲ್ಲ, ನಡುವಿನಿಂದ ತುದಿಗೆ ಮಾತ್ರ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಹಾಗಾಗಿ ಸೊಂಟ ಮುಟ್ಟುವ ಹೆರಳಿನ ತುದಿಗೆ ಐದಾರು ವರ್ಷ ವಯಸ್ಸು. ಅಷ್ಟು ಬಿಸಿಲು, ಅಷ್ಟು ಬಾಚಣಿಗೆ, ಅಷ್ಟು ನೀರನ್ನು ಅದು ಕಂಡಿದೆ. ಕೂದಲೆಳೆಯ ಹೊರಮೈಯಲ್ಲಿ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಪದರಗಳಿದ್ದು, ಸವೆದಲ್ಲಿ ಅವು ಎದ್ದು ನಿಲ್ಲುತ್ತವೆ. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ, ಕಂಡಿಷನರಿನಲ್ಲಿ ಧನ ಅಂಶ. ಎರಡೂ ಸೆಳೆದುಕೊಂಡು ತೆಳುವಾದ ಪೊರೆ ಕೂರುತ್ತದೆ, ಎದ್ದ ಪದರ ಮಲಗುತ್ತದೆ. ಎರಡು ಮೂರು ನಿಮಿಷ ಬಿಟ್ಟು, ಅಗಲ ಹಲ್ಲಿನ ಬಾಚಣಿಗೆ ಆಡಿಸಿ ತೊಳೆದರೆ ಗಂಟುಗಳು ತಾವಾಗಿ ಸಡಿಲುತ್ತವೆ. ಟಾವೆಲಿನಿಂದ ಉಜ್ಜದೆ ಒತ್ತಿ ನೀರು ಹೀರಿಸಿ ಸುತ್ತಿ ಕೂರಿಸಿದಾಗ ಬನಹಟ್ಟಿಯ ಹೆಣ್ಣುಮಗಳು ಕಣ್ಣು ತೆರೆಯುತ್ತಾಳೆ. ‘ನಿದ್ದೀನ ಬಂದಿತ್ತು ನೋಡವಾ’ ಎನ್ನುತ್ತಾಳೆ. ಕಲಿಯುವವಳಿಗೆ ಪರೀಕ್ಷೆ ಪಾಸಾದ ಮಾತು ಅದು.

ಗಂಟು ಬಿಡಿಸುವ ಈ ವಿದ್ಯೆಗೆ ನಮ್ಮ ಸೀಮೆಯಲ್ಲಿ ಇನ್ನೂ ದೊಡ್ಡ ಬೆಲೆಯಿದೆ. ಕೂದಲಿನ ಬಗ್ಗೆ ಇಲ್ಲಿನವರಿಗೆ ಭಕ್ತಿಯೂ ಭಯವೂ ಇವೆ. ಹತ್ತಿರದ ಮಹಾಲಿಂಗಪುರದ ಮಹಾಲಿಂಗೇಶ್ವರರ ಜಡೆ ಇಂದಿಗೂ ಬೆಳೆಯುತ್ತಿದೆ ಎಂಬುದು ಭಕ್ತರ ನಂಬಿಕೆ. ಅದು ಅವರ ಶ್ರದ್ಧೆಯ ವಿಷಯ. ಆದರೆ ಬಡವರ ಮನೆಯ ಹೆಣ್ಣುಮಗುವಿನ ತಲೆಯಲ್ಲಿ ಕೂದಲು ಅಂಟಿಕೊಂಡು ಜಡೆಗಟ್ಟಿದಾಗ ಅದನ್ನು ‘ಎಲ್ಲಮ್ಮ ಬಂದಾಳ’ ಎಂದು ತಿಳಿದು, ಕತ್ತರಿ ಬಾಚಣಿಗೆ ಮುಟ್ಟಿಸದೆ, ಕೊನೆಗೆ ಮಗುವಿಗೆ ಮುತ್ತು ಕಟ್ಟಿಸಿದ ಕಥೆಗಳು ಉತ್ತರ ಕರ್ನಾಟಕದಲ್ಲಿ ಒಂದೆರಡಲ್ಲ. ಹೀಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು 1982ರ ಕರ್ನಾಟಕದ ಕಾಯಿದೆ ನಿಷೇಧಿಸಿತು. ಜಡೆ ಎಂದರೆ ತೊಳೆಯದ, ಬಾಚದ, ಜಿಡ್ಡು ಹಿಡಿದ ಕೂದಲು ಹೆಣೆದುಕೊಂಡದ್ದು ಮಾತ್ರ ಎಂದು ತಿಳಿಹೇಳಿ ಅದನ್ನು ಬಿಡಿಸಿದ, ಕತ್ತರಿಸಿದ ಕಾರ್ಯಕರ್ತೆಯರು ಕಾಯಿದೆಯಷ್ಟೇ ದೊಡ್ಡ ಕೆಲಸ ಮಾಡಿದರು. ಇದು ನಮ್ಮೊಬ್ಬರ ಪಾಡಲ್ಲ. ಪೋಲೆಂಡಿನಲ್ಲೂ ಜಡೆ ಕತ್ತರಿಸಿದರೆ ಕುರುಡು, ಹುಚ್ಚು ಬರುತ್ತದೆಂದು ಜನ ನಂಬಿದ್ದರು. 19ನೇ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟಲ್ ಆ ಭಯದ ವಿರುದ್ಧ ಹೋರಾಡಬೇಕಾಯಿತು. ಬೆಚ್ಚಗಿನ ನೀರು, ಶಾಂಪೂ, ಕಂಡಿಷನರು, ತಾಳ್ಮೆಯ ಬೆರಳು ಸಕಾಲಕ್ಕೆ ಸಿಕ್ಕರೆ ಒಂದು ಮಗುವಿನ ಬದುಕೇ ಬೇರೆಯಾಗುತ್ತದೆ. ತಲೆ ತೊಳೆಯುವುದನ್ನು ಚಿಲ್ಲರೆ ಕೆಲಸ ಎನ್ನುವವರಿಗೆ ನನ್ನ ಉತ್ತರ ಇದೇ.

ಈ ಕಸುಬನ್ನು ಕೀಳಾಗಿ ಕಂಡ ಪಾಪವೂ ನಮ್ಮ ಸಮಾಜದ ಮೇಲಿದೆ. ಕ್ಷೌರಿಕರ ವೃತ್ತಿಯ ಹೆಸರನ್ನೇ ಬೈಗುಳ ಮಾಡಿದೆವು. ದಲಿತರ ತಲೆಗೆ ಕತ್ತರಿ ಹಾಕಲು ಒಪ್ಪದ ಹಳ್ಳಿಗಳ ಸುದ್ದಿ ಇವತ್ತಿಗೂ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಇದೇ ಕೃಷ್ಣೆ ಚಿಕ್ಕಪಡಸಲಗಿ ದಾಟಿ ಕೆಳಗೆ ಹರಿದು ಮುಟ್ಟುವ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಹಡಪದ ಅಪ್ಪಣ್ಣನವರ ಪೀಠವಿದೆ. ಕ್ಷೌರಿಕ ಕಾಯಕದ ಸಮುದಾಯ ತಮ್ಮವರೆಂದು ಪೂಜಿಸುವ ಅಪ್ಪಣ್ಣ 12ನೇ ಶತಮಾನದಲ್ಲಿ ಬಸವಣ್ಣನವರ ಆಪ್ತ ಒಡನಾಡಿ. ಮಡದಿ ಲಿಂಗಮ್ಮನೂ ವಚನಕಾರ್ತಿ. ಪರದೆಯ ಹಿಂದಿನ ಬೇಸಿನ್ನಿಗೆ ಯಾವ ಓಣಿಯ, ಯಾವ ಜಾತಿಯ ತಲೆ ಬಂದು ಒರಗಿದರೂ ಹುಡುಗಿ ಅದೇ ಬಿಸಿಯ ನೀರು, ಅದೇ ಮೆತ್ತನೆಯ ಬೆರಳು ಕೊಡುತ್ತಾಳೆ. ಶರಣರು ಹೇಳಿದ ಕಾಯಕ ಹೀಗೆಯೇ ಇರುತ್ತದೆ.

ಕಲಿಯಲು ಈಗ ದಾರಿಗಳೂ ಇವೆ. ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ವಿಜಯಪುರದಲ್ಲೂ ಇದೆ. ಅದೇ ಮಾದರಿಯ ಆರ್‌ಸೆಟಿಗಳು ಜಿಲ್ಲೆ ಜಿಲ್ಲೆಯಲ್ಲಿ ಊಟ ವಸತಿ ಸಹಿತ ಬ್ಯೂಟಿ ಪಾರ್ಲರ್ ತರಬೇತಿಯನ್ನು ಉಚಿತವಾಗಿ ಕೊಡುತ್ತವೆ. ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸಿದೆ. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ನೆರವು ಅದರಲ್ಲಿದೆ.

ಪಾರ್ಲರಿನಲ್ಲೇ ಕಲಿಯುವವರ ಪಾಡು ಬೇರೆ. ಕಸ ಹೊಡೆದು, ಟಾವೆಲು ಒಗೆದು, ದಿನವಿಡೀ ತಲೆ ತೊಳೆದು ‘ಕಲೀಲಿಕ್ಕ ಬಂದಾಳ’ ಎಂಬ ಒಂದೇ ಮಾತಿಗೆ ಬರಿಗೈಯಲ್ಲಿ ಮನೆಗೆ ಹೋಗುವ ಹುಡುಗಿಯರು ಎಷ್ಟೋ. ಹೊತ್ತೊತ್ತಿಗೂ ನೀರು, ಶಾಂಪೂವಿನಲ್ಲಿ ಕೈ ನೆನೆದು ಬೆರಳ ಸಂದಿ ಬಿರಿದು ತುರಿಸುವುದು ಈ ಕಸುಬಿನ ರೋಗ. ಕೈಗವಸು, ತೊಳೆದಾದ ಮೇಲೆ ಬೆರಳ ಸಂದು ಒರೆಸಿಕೊಳ್ಳುವ ರೂಢಿ, ಹಚ್ಚಿಕೊಳ್ಳಲು ಒಂದಿಷ್ಟು ಮುಲಾಮು, ಇಷ್ಟಿದ್ದರೆ ಬಹುಪಾಲು ತಡೆಯಬಹುದು.

ಆದ್ದರಿಂದ ಪಾರ್ಲರ್ ನಡೆಸುವ ಅಕ್ಕಂದಿರಲ್ಲಿ ಒಂದು ಮಾತು: ಕಲಿಯುವ ಹುಡುಗಿಗೆ ಮೊದಲ ತಿಂಗಳಿಂದಲೇ ಪಗಾರ ಕೊಡಿ, ಕೈಗವಸು ಕೊಡಿ. ತಲೆ ತೊಳೆಸಿಕೊಳ್ಳಲು ಹೋಗುವ ನಾವೂ ನೀವೂ ಕತ್ತರಿ ಹಿಡಿದವರಿಗೆ ಹೇಳುವ ಶಾಭಾಸ್ ಅನ್ನು ನೀರು ಹಿಡಿದವಳಿಗೂ ಹೇಳೋಣ. ಮತ್ತೆ, ಓಣಿಯಲ್ಲಿ ಯಾವುದಾದರೂ ಮಗುವಿನ ಕೂದಲು ಜಡೆಗಟ್ಟಿದ್ದು ಕಂಡರೆ ಆ ತಾಯಿಗೆ ಹೆದರಿಕೆ ಹಾಕಬೇಡಿ. ಮಗುವಿನ ಕೈಹಿಡಿದು, ತಲೆ ಎರೆಯಲು ಬಲ್ಲ ಇಂಥ ಹುಡುಗಿಯ ಹತ್ತಿರ ಕರೆದೊಯ್ಯಿರಿ.