ತಂಬೂರಿ ಕೇಳಿಸದ ಪೆಟ್ಟಿಗೆ

ಹೊಳೆನರಸೀಪುರದಲ್ಲಿ ನಮ್ಮ ಸೋದರಮಾವನವರ ಮನೆಯ ನಡುಮನೆಯಲ್ಲಿ ಎರಡು ಮರದ ಧ್ವನಿಪೆಟ್ಟಿಗೆಗಳಿವೆ. 1978ರಲ್ಲಿ ಅವರು ಬೆಂಗಳೂರಿನಿಂದ ಬಸ್ಸಿನ ಮೇಲೆ ಹೇರಿಸಿ ತಂದಂಥವು. ಸಂಜೆ ದೀಪ ಹಚ್ಚಿದ ಬಳಿಕ ಆ ಪೆಟ್ಟಿಗೆಗಳ ಮುಂದೆ ಕುಳಿತು ಒಂದು ಗಂಟೆ ಸಂಗೀತ ಕೇಳುವುದು ಅವರ ಪದ್ಧತಿ. ಕಳೆದ ವರ್ಷ ಆ ಪದ್ಧತಿ ನಿಂತುಹೋಯಿತು. ಕಾರಣವನ್ನು ಕೇಳಿದೆ.

"ಕಿವಿ ಹೋಯಿತಯ್ಯ. ಹಾಡು ಕೇಳುತ್ತದೆ, ತಂಬೂರಿ ಕೇಳುವುದಿಲ್ಲ. ಇನ್ನೇಕೆ?" ಎಂದರು.

ಅತ್ತೆಯವರು ಅವರನ್ನು ಹಾಸನಕ್ಕೆ ಕರೆದೊಯ್ದು ಕಿವಿಯ ವೈದ್ಯರಿಗೆ ತೋರಿಸಲು ಒಳ್ಳೆಯ ದಿನ ನೋಡುತ್ತಿದ್ದರು.

ತಂಬೂರಿಯ ವಿಚಾರದಲ್ಲಿ ಮಾವನವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅವರ ತಾಯಿಯ ತವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆ. ಕಾವೇರಿಯ ದಡದ ಆ ಊರು ಸಂಗೀತಗಾರರ ತೌರೂರೆಂದು ವಾಚಕರು ಬಲ್ಲರು. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದುದು ಅಲ್ಲಿಯೇ. ಅವರು ಮೂರು ದಶಕಗಳಿಗೂ ಮಿಕ್ಕಿ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿ, 2014ರಲ್ಲಿ ಕಾಲವಾದರು. ಇಂದು ಆ ಊರಿಗೆ ಹೋದವರಿಗೆ ತಂಬೂರಿಯ ಆಕಾರದಲ್ಲಿಯೇ ಕಟ್ಟಿದ ಒಂದು ಮಂದಿರವು ಕಾಣುವುದು. ಅಂಥ ಊರಿನ ರಕ್ತವುಳ್ಳವರು ತಂಬೂರಿ ಕೇಳಿಸದೆಂದರೆ ಅದು ಸಣ್ಣ ದೂರಲ್ಲ.

ತಂಬೂರಿಯ ತಂತಿಗೂ ಕುದುರೆಗೂ ನಡುವೆ ನೂಲಿನ ಒಂದು ಎಳೆಯನ್ನು ಸೇರಿಸುವುದುಂಟಷ್ಟೆ. ಆ ಎಳೆಯು ಸರಿಯಾದ ಜಾಗದಲ್ಲಿ ಕುಳಿತರೆ ತಂತಿಯು ಝೇಂಕರಿಸುವುದು. ಜಾಗ ತಪ್ಪಿದರೆ ಬರಿಯ ತಂತಿಯ ಸದ್ದು. ಗಂಡಸರ ಶ್ರುತಿಯಲ್ಲಿ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 130 ಕಂಪನಗಳಿದ್ದರೆ, ಆ ಝೇಂಕಾರದಲ್ಲಿ ಅದರ ಇಮ್ಮಡಿ, ಮುಮ್ಮಡಿಯಾಗಿ ಸಾವಿರಾರು ಕಂಪನಗಳವರೆಗೆ ಏರುವ ನಾದಗಳು ಅಡಗಿರುವುವು. ಮಾವನವರಿಗೆ ಕಾಣೆಯಾದುದು ಈ ಮೇಲಿನ ನಾದಗಳೇ.

ಚನ್ನರಾಯಪಟ್ಟಣದ ಕಡೆಯ ಜಾತ್ರೆಗಳಲ್ಲಿ ಕಂಬಕ್ಕೆ ಕಟ್ಟುವ ಕಹಳೆಯಾಕಾರದ ಧ್ವನಿವರ್ಧಕವನ್ನು ನೋಡಿರುವಿರಿ. ಅದರಲ್ಲಿ ನಾದ ಹುಟ್ಟಿಸುವ ಅಂಗ ಒಂದೇ. ಮಾತನ್ನು ಹೊಲದಾಚೆಗೂ ಮುಟ್ಟಿಸುವುದು. ಆದರೆ ಮೃದಂಗದ ತೊಪ್ಪಿಯೂ ಇಲ್ಲ, ತಂಬೂರಿಯ ಝೇಂಕಾರವೂ ಇಲ್ಲ. ಮನೆಯ ಪೆಟ್ಟಿಗೆ ಹಾಗಲ್ಲ. ಅದರಲ್ಲಿ ತಗ್ಗಿನ ನಾದಕ್ಕೆ ವೂಫರ್ ಎಂಬ ದೊಡ್ಡ ಬಾಯಿ, ಎತ್ತರದ ನಾದಕ್ಕೆ ಟ್ವೀಟರ್ ಎಂಬ ಪುಟ್ಟ ಬಾಯಿ. ಯಾವ ನಾದ ಯಾವ ಬಾಯಿಗೆಂದು ಹಂಚಿಕೊಡಲು ಒಳಗೆ ಒಂದು ಪುಟ್ಟ ಹಲಗೆಯುಂಟು, ಕ್ರಾಸ್‌ಓವರ್ ಎನ್ನುವರು. ಅದರ ಮೇಲಿನ ತಾಮ್ರದ ಸುರುಳಿಯು ಎತ್ತರದ ನಾದವನ್ನು ವೂಫರಿಗೆ ಹೋಗದಂತೆ ತಡೆಯುವುದು. ಕಂಡೆನ್ಸರು ತಗ್ಗಿನ ನಾದವನ್ನು ಟ್ವೀಟರಿಗೆ ಹೋಗದಂತೆ ತಡೆಯುವುದು. ಈ ಕಾವಲಿಲ್ಲದಿದ್ದರೆ ಟ್ವೀಟರಿನ ಕೂದಲೆಳೆಯಂಥ ತಂತಿಯು ಬೇಗನೆ ಸುಟ್ಟುಹೋಗುವುದು.

ಸುರುಳಿಗೆ ಮುಪ್ಪಿಲ್ಲ, ಕಂಡೆನ್ಸರಿಗುಂಟು. ಆ ಕಾಲದ ಅನೇಕ ಪೆಟ್ಟಿಗೆಗಳಲ್ಲಿ ಹಾಕುತ್ತಿದ್ದುದು ಅಲ್ಯುಮಿನಿಯಮ್ ತಗಡುಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವನ್ನಿಟ್ಟು ಸುತ್ತಿದ ಎಲೆಕ್ಟ್ರೊಲಿಟಿಕ್ ಕಂಡೆನ್ಸರು. ಬೆಲೆ ಅಗ್ಗ, ಗಾತ್ರ ಕಿರಿದು. ಆದರೆ ವರ್ಷಗಳು ಕಳೆದಂತೆ ಆ ದ್ರವವು ಆರುವುದು. ಆಗ ಅದರ ಅಳತೆಯೂ ಕೆಡುವುದು, ವಿದ್ಯುತ್ತಿಗೆ ಒಡ್ಡುವ ಅಡ್ಡಿಯೂ ಬೆಳೆಯುವುದು. ಇದೆಲ್ಲ ಒಂದೇ ದಿನ ಆಗುವುದಲ್ಲವಾದ್ದರಿಂದ ಮನೆಯವರಿಗೆ ತಿಳಿಯುವುದಿಲ್ಲ. ನೆರೆಮನೆಯ ಹುಡುಗ ಬೆಳೆದುದು ನಮಗೆ ತಿಳಿಯದಂತೆ.

ನಾನು ಮಾಡಿದ ಮೊದಲ ಪರೀಕ್ಷೆ ಕಾಸಿನ ಖರ್ಚಿಲ್ಲದ್ದು. ಸದ್ದನ್ನು ತಗ್ಗಿಸಿ, ವೃತ್ತಪತ್ರಿಕೆಯ ಹಾಳೆಯನ್ನು ಕೊಳವೆಯಂತೆ ಸುರುಳಿ ಸುತ್ತಿ, ಒಂದು ತುದಿಯನ್ನು ಟ್ವೀಟರಿಗೂ ಇನ್ನೊಂದನ್ನು ನನ್ನ ಕಿವಿಗೂ ಹಿಡಿದೆ. ಎಡಗಡೆಯ ಪೆಟ್ಟಿಗೆಯಲ್ಲಿ ಕ್ಷೀಣ ದನಿ. ಬಲಗಡೆಯದರಲ್ಲಿ ಇಲ್ಲವೆಂದೇ ಹೇಳಬೇಕು. ನನಗಿನ್ನೂ ನಲವತ್ತು ದಾಟಿಲ್ಲ. ಅಂದಮೇಲೆ ತಪ್ಪೆಲ್ಲ ಮಾವನವರ ಕಿವಿಯದಲ್ಲ! ಬಳಿಕ ತಂತಿಗಳನ್ನು ಕಳಚಿ ಪೆಟ್ಟಿಗೆ ಬಿಚ್ಚಿದೆವು. ಮೀಟರಿಟ್ಟು ನೋಡಲು 8 ಓಮಿನ ಟ್ವೀಟರುಗಳು ಸುಮಾರು 6 ಓಮ್ ತೋರಿಸಿದುವು, ಜೀವವಿದೆ ಎಂದರ್ಥ. ಕಂಡೆನ್ಸರಿನ ಮೈಮೇಲೆ 4 ಮೈಕ್ರೊಫ್ಯಾರಡ್ ಎಂದು ಅಚ್ಚಾಗಿತ್ತು, ಬಲಗಡೆಯದು 2.6 ಮಾತ್ರ ತೋರಿಸಿತು. ಲೆಕ್ಕ ಹಾಕಿದರೆ, 4 ಇದ್ದಾಗ ಸುಮಾರು 5,000 ಕಂಪನಗಳ ಬಳಿ ತೆರೆಯಬೇಕಾದ ಬಾಗಿಲು 2.6ಕ್ಕೆ ಇಳಿದಾಗ 7,600ರ ಬಳಿಗೆ ಸರಿದಿತ್ತು. ನಡುವಿನ ನಾದಗಳು ಎರಡು ಬಾಯಿಗಳಿಗೂ ಸಲ್ಲದೆ ಸೊರಗಿದ್ದುವು.

ಇಲ್ಲಿ ಗೃಹಸ್ಥರಿಗೆ ಒಂದು ಎಚ್ಚರಿಕೆ. ಆಂಪ್ಲಿಫೈಯರಿನಿಂದ ಕಳಚಿದ ಧ್ವನಿಪೆಟ್ಟಿಗೆಯನ್ನು ಬಿಚ್ಚಲು ಭಯವಿಲ್ಲ. ಆದರೆ ಹಳೆಯ ವಾಲ್ವ್ ರೇಡಿಯೋವನ್ನು ಹಾಗೆ ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತ ಮೇಲೂ ಅದರ ಕಂಡೆನ್ಸರುಗಳಲ್ಲಿ 250 ವೋಲ್ಟಿಗೂ ಮಿಕ್ಕ ವಿದ್ಯುತ್ತು ನಿಂತಿರಬಹುದು. ಅದು ತಿಳಿದವರ ಕೆಲಸ. ಮಕ್ಕಳನ್ನು ಹತ್ತಿರ ಬಿಡಬಾರದು.

ಇನ್ನು ಹೊಸ ಕಂಡೆನ್ಸರು ಯಾವುದು? ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ವಿಚಾರಿಸಿದರೆ ಅಗ್ಗದ್ದೂ ಇದೆ. ಪರದೇಶದಿಂದ ತರಿಸುವ, ಬೆಲೆ ಕೇಳಿದರೆ ಎದೆ ಹಾರುವಂಥದ್ದೂ ಇದೆ. ದುಬಾರಿಯದನ್ನು ಹಾಕಿದೊಡನೆ ಗಂಧರ್ವರೇ ಇಳಿದು ಬಂದಾರೆಂದು ಹೇಳುವವರಿದ್ದಾರೆ. ನಾನು ನಂಬೆನು. ಅಳತೆ ಸರಿಯಿರಬೇಕು, ಒಣಗುವ ದ್ರವವಿರಬಾರದು, ಎರಡು ಪೆಟ್ಟಿಗೆಗೂ ಒಂದೇ ಬಗೆಯದಾಗಿರಬೇಕು. ನಮ್ಮ ಮನೆಗೆ ಇಷ್ಟು ಸಾಕು. ಪಾಲಿಪ್ರೊಪಿಲೀನ್ ಎಂಬ ತೆಳುಪೊರೆಯ ಕಂಡೆನ್ಸರಿನಲ್ಲಿ ಈ ಗುಣವುಂಟು. ಫ್ಯಾನು ನಿಧಾನವಾದಾಗ ನಾವು ಬದಲಾಯಿಸುವ 2.5 ಮೈಕ್ರೊಫ್ಯಾರಡಿನ ಕಂಡೆನ್ಸರು ಕೂಡ ಅದೇ ಪೊರೆಯದೆಂಬುದನ್ನು ಎಷ್ಟು ಜನ ಬಲ್ಲರು? ಮೋಟಾರುಗಳಿಗೆ ಹಾಕುವ 4ರದೂ ದೊರೆಯುವುದು. ಹಾಸನದ ವಿದ್ಯುತ್ ಸಾಮಾನಿನ ಅಂಗಡಿಯಿಂದ ಅಂಥವೆರಡನ್ನು ತಂದೆ. ಗಾತ್ರ ದೊಡ್ಡದಾದುದರಿಂದ ಹಲಗೆಯ ಮೇಲೆ ಹಿಡಿಸದೆ, ಪೆಟ್ಟಿಗೆಯ ಗೋಡೆಗೆ ಅಲುಗಾಡದಂತೆ ಬಿಗಿದು, ತಂತಿಗಳನ್ನು ಬೆಸೆದೆವು. ರೇಡಿಯೋ ಅಂಗಡಿಯಲ್ಲಿ ಧನ, ಋಣ ಗುರುತುಳ್ಳ ಮಾಮೂಲಿನ ಎಲೆಕ್ಟ್ರೊಲಿಟಿಕ್ ಕೊಟ್ಟರೆ ತೆಗೆದುಕೊಳ್ಳಬೇಡಿ; ಅದು ಈ ಕೆಲಸಕ್ಕೆ ಬಾರದು.

ಸಂಜೆ ಶ್ರೀಕಂಠನ್ ಅವರ ಒಂದು ಧ್ವನಿಮುದ್ರಣವನ್ನು ಹಾಕಿದೆವು. ಹಾಡು ಆರಂಭವಾಗುವ ಮುನ್ನ ತಂಬೂರಿಯೊಂದೇ ಮಿಡಿಯುವ ಆ ಕೆಲವು ಕ್ಷಣಗಳಲ್ಲಿ ಮಾವನವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅತ್ತೆಯವರು ಒಗ್ಗರಣೆಯ ಸೌಟನ್ನು ಹಿಡಿದೇ ಬಾಗಿಲಿಗೆ ಬಂದು ನಿಂತರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಮಾವನವರು, "ಬಂತು, ಆದರೆ ಪಿಟೀಲು ಚುಚ್ಚುತ್ತದಲ್ಲಯ್ಯ!" ಎಂದರು.

ಅವರ ಮಾತು ನಿಜ. ಹಳೆಯ ಕಂಡೆನ್ಸರಿಗೆ ಹೊಸತಾಗಿದ್ದಾಗಲೇ ತನ್ನದೆಂಬ ಒಂದಿಷ್ಟು ಅಡ್ಡಿಯಿರುತ್ತಿತ್ತು. ಪೆಟ್ಟಿಗೆ ಮಾಡಿದವರು ಅದನ್ನೂ ಎಣಿಸಿಯೇ ಸ್ವರ ಕೂಡಿಸಿದ್ದಿರಬೇಕು. ಪೊರೆಯ ಕಂಡೆನ್ಸರಿನಲ್ಲಿ ಆ ಅಡ್ಡಿ ಇಲ್ಲವೆನ್ನುವಷ್ಟು ಕಡಿಮೆ. ಮರುದಿನ ಟ್ವೀಟರಿನ ದಾರಿಯಲ್ಲಿ 1 ಓಮಿನ, 5 ವ್ಯಾಟ್ ತಾಳುವ ಒಂದೊಂದು ರೆಸಿಸ್ಟರನ್ನು ಸೇರಿಸಿದೆ. ಪಿಟೀಲು ಪಳಗಿತು.

ಆದರೂ ಅತ್ತೆಯವರು ಹಟ ಬಿಡದೆ ಮಾವನವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿಯೇ ಬಂದರು. ಅರವತ್ತು ದಾಟಿದವರಿಗೆ ಎತ್ತರದ ನಾದಗಳೇ ಮೊದಲು ಮಸುಕಾಗುವುವು, ಇವರಿಗೂ ವಯಸ್ಸಿಗೆ ತಕ್ಕಷ್ಟು ಮಸುಕಾಗಿವೆ ಎಂದು ವೈದ್ಯರು ಹೇಳಿದರಂತೆ. ಮಾವನವರು ಈಗ ಕುರ್ಚಿಯನ್ನು ಪೆಟ್ಟಿಗೆಗಳ ಕಡೆಗೆ ಎರಡು ಮೊಳ ಸರಿಸಿಕೊಂಡಿದ್ದಾರೆ.